ತೂಕ

ಗಾಳಿಯಿಲ್ಲದ ಭಾನುವಾರ
ನನ್ನನ್ನು ಯಾರೂ ದೋಣಿಗೆ ಕರೆಯುವುದಿಲ್ಲ.
ಕ್ಲಬ್ಬಿನ ಅಡುಗೆಮನೆಯಲ್ಲಿ ಕಪ್ಪುಬಸಿ ತೊಳೆಯುತ್ತೇನೆ.

ಇವತ್ತು ಬಾಲಾ ಸರೋವರ
ಬೆಳಗಿನಿಂದಲೇ ನೊರೆ ಕಾರುತ್ತಿದೆ,
ಬಾವುಟದ ಹಗ್ಗ ಕಂಬಕ್ಕೆ ಟಣಟಣ ಬಡಿಯುತ್ತಿದೆ.
ಹುಡುಕಿಕೊಂಡು ಬಂದವರು ಮೂವರು.
‘ಎಷ್ಟು ಕೇಜಿ?’ ಎಂದ ಇಲ್ಟಿಡ್, ನಾಚಿಕೆಯಿಲ್ಲದೆ.
ಗ್ವೆನ್‌ಲಿಯನ್ ಅಜ್ಜಿ ಮಾತ್ರ
‘ಊಟ ಆಯ್ತಾ?’ ಅಂದಳು.
ಅವಳ ದೋಣಿ ಹತ್ತಿದೆ.

ಪಟ್ಟಿಗೆ ಪಾದ ಸಿಕ್ಕಿಸಿ
ಅಂಚಿನಾಚೆ ಬೆನ್ನು ಚಾಚಿ
ನೀರಿನ ಮೇಲೆ ಅಂಗಾತ ತೂಗುತ್ತೇನೆ.
ಕಡ್ಡಿಮೈಯವರು ಮಗುಚುತ್ತಿದ್ದಾರೆ ಒಬ್ಬೊಬ್ಬರಾಗಿ,
ಇಲ್ಟಿಡ್‌ನ ಟೋಪಿ ತಾನೇ ಪಂದ್ಯಕ್ಕಿಳಿದಿದೆ.
ತಕ್ಕಡಿಯ ಆ ತಟ್ಟೆಯಲ್ಲಿ ಇಡೀ ಗಾಳಿ,
ಈ ತಟ್ಟೆಯಲ್ಲಿ
ನಾನು.

ಗೆಲ್ಲಲಿಲ್ಲ. ಹದಿನೇಳರಲ್ಲಿ ಆರನೆಯವರು.
ದಡದಲ್ಲಿ ಅಜ್ಜಿ ನಡುಗುವ ಬೆರಳಲ್ಲಿ
ಒಣದ್ರಾಕ್ಷಿ ಬ್ರೆಡ್ಡು ಮುರಿದಳು,
ದೊಡ್ಡ ತುಂಡು ನನಗೆ.