ಒಂದು ಗಂಟೆ ನಲವತ್ತು ನಿಮಿಷ

ಐದನೇ ಮಹಡಿ. ಲಿಫ್ಟಿಲ್ಲ.
ಒಂದೊಂದೂ ಇಪ್ಪತ್ತಮೂರು ಕಿಲೋ.
ನೆಲಮಾಳಿಗೆಯ ಆಲೂಗಡ್ಡೆ ಗೂಡಿನಿಂದ ಹೊರಟು
ಪ್ರತಿ ತಿರುವಿನಲ್ಲೂ ಗೋಡೆಗಾನಿಸಿ, ಏದುಸಿರು ಬಿಟ್ಟು,
ನಾನೂ ಮೂರನೇ ಮಹಡಿಯ ಅಲ್ವಿಲ್ಸನೂ
ಹೊತ್ತು ತಂದೆವು ಆ ಎರಡು ಸ್ಪೀಕರುಗಳನ್ನು.
ಕೂಲಿ: ಒಂದು ಬಟ್ಟಲು ಹುಳಿಸೊಪ್ಪಿನ ಸಾರು, ರೈ ಬ್ರೆಡ್ಡು.
‘ಇವು ಹಾಡಬೇಕಾದವು,
ಮೊಳಕೆ ಕಾಯಬೇಕಾದವಲ್ಲ’ ಎಂದು ಗದರಿದ ಮುದುಕ.

ದೌಗಾವಾ ನದಿಯ ಆಚೆ ದಡದ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಇವುಗಳ ಕಾಗದದ ಶಂಕುಗಳಿಗೆ
ಅಂಟು ಬಳಿದವನು ಅವನು.
ಈಗಲೂ ಕಾಫಿ ಲೋಟದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾನೆ,
ಎಲ್ಲೋ ಒಂದಿಷ್ಟು ಬಿಟ್ಟುಹೋಗಿದೆ ಎಂಬಂತೆ.

ನನ್ನ ಲ್ಯಾಪ್‌ಟಾಪಿನದೋ
ಬೆಂಕಿಪೊಟ್ಟಣದಲ್ಲಿ ಸಿಕ್ಕಿಕೊಂಡ ನೊಣದ ದನಿ.
ಅದರ ಪಕ್ಕೆಯಲ್ಲಿ ಬಟಾಣಿಯಷ್ಟು ತೂತು;
ಇವುಗಳ ಬೆನ್ನಲ್ಲಿ ಎರಡೆರಡು ತಿರುಪು, ಕೆಂಪು, ಕಪ್ಪು.
ನೇರ ಬೀಗತನ ಕೂಡಿಬರದು, ನಡುವೆ ದಲ್ಲಾಳಿ ಬೇಕು:
ಹಳೆ ಸಾಮಾನಿನ ಸಂತೆಯಲ್ಲಿ ಹದಿನೆಂಟು ಯೂರೋಗೆ
ಒಂದು ಆಂಪ್ಲಿಫೈಯರ್.
ದನಿ ಏರಿಸುವ ಗುಂಡಿ ಕಳೆದಿದೆ, ಆ ಜಾಗಕ್ಕೆ ಯಾರೋ
ಪೆನ್ಸಿಲಿನ ತುಂಡು ಸಿಕ್ಕಿಸಿದ್ದಾರೆ.

ತಂತಿಯ ತೊಗಲನ್ನು ಹಲ್ಲಿನಲ್ಲೇ ಸುಲಿದೆ.
ಒಳಗೆ ತಾಮ್ರ, ಎಳೆಗೂಸಿನ ಕೂದಲಿನ ಹಾಗೆ.
ಒಂದೆಳೆ ಬೆರಳಿಗೆ ಚುಚ್ಚಿ,
ಕೂಸಲ್ಲ ನಾನು, ಎಂದಿತು.

ಸ್ವಿಚ್ಚು ಒತ್ತಿದೆ.

ಗುಂಯ್.

ಹಾಡಲ್ಲ. ಹಾಡಿನ್ನೂ ಹಾಕಿಯೇ ಇಲ್ಲ.
ಅಲ್ವಿಲ್ಸ್ ಹುಬ್ಬು ಗಂಟಿಕ್ಕಿದ. ನನಗೆ ನಗು.
ಈ ಸ್ವರ ನನಗೆ ಗೊತ್ತು.
ಹನ್ನೊಂದು ವರ್ಷದಿಂದ, ಬೆಳಗಿನ ನಾಲ್ಕೂವರೆಗೆ,
ಡಿಪೋದಲ್ಲಿ ನನ್ನ ಟ್ರಾಮನ್ನು ಎಬ್ಬಿಸುವ ಮುಂಚೆ
ಟ್ರಾನ್ಸ್‌ಫಾರ್ಮರ್ ಕೋಣೆಯ ಕಬ್ಬಿಣದ ಬಾಗಿಲ ಹಿಂದಿನಿಂದ
ಮೊದಲು ಮಾತಾಡಿಸುವುದು ಇದೇ.
ರೀಗಾದ ಎಲ್ಲ ಗೋಡೆಗಳೊಳಗೆ ಹರಿಯುವ ಶ್ರುತಿ
ನನ್ನ ಕೋಣೆಗೂ ಬಂದು ಕೂತಿದೆ
ಬೂಟು ಬಿಚ್ಚದೆ.

ಆ ತಂತಿ ಕಿತ್ತೆ, ಈ ತಂತಿ ನೆಟ್ಟೆ.
ಫ್ರಿಜ್ ಆರಿಸಿದೆ. ದೀಪ ಆರಿಸಿದೆ.
ಕತ್ತಲಲ್ಲಿ ಗುಂಯ್ ಇನ್ನೂ ಕೊಬ್ಬಿತು.
ಬೇಸತ್ತು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆಸೆದೆ ನೋಡಿ,
ಗಪ್‌ಚಿಪ್.
ಸೋರುವ ನಲ್ಲಿಗೇ ನಾಚಿಕೆಯಾಗುವಂಥ ಮೌನ.

ಹಾಗಾದರೆ ಇದೇ ಕರಾರು:
ಬ್ಯಾಟರಿ ಬಾಳುವ ತನಕ ಸಂಗೀತ.
ಪರದೆಯ ಮೂಲೆಯಲ್ಲಿ ಬರೆದಿತ್ತು,
ಒಂದು ಗಂಟೆ ನಲವತ್ತು ನಿಮಿಷ.

ಹಾಕಿದೆ. ಒಬ್ಬ ಹೆಂಗಸು, ಒಂದು ಅಕಾರ್ಡಿಯನ್.
ಅಕಾರ್ಡಿಯನ್ ಇದೆ. ಹೆಂಗಸಿಲ್ಲ.
ಇದ್ದಾಳೆ, ಆದರೆ ಪಕ್ಕದವರ ಬಚ್ಚಲಿನಲ್ಲಿ,
ಕಿಟಕಿಯಾಚೆ, ನನ್ನ ತಲೆಯ ಹಿಂದೆ,
ಎಲ್ಲಿ ತಿರುಗಿದರೂ ಅಲ್ಲಿಲ್ಲ.
ಅಲ್ವಿಲ್ಸ್ ಎದ್ದ.
ಶ್ರವಣಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡ.
ಪೆಟ್ಟಿಗೆಗಳ ನಡುವೆ ಮಂಡಿಯೂರಿ
ಎರಡರ ಎದೆಯ ಮೇಲೂ ಒಂದೊಂದು ಅಂಗೈ ಇಟ್ಟ.
‘ಒಂದು ಏರಿಗೆ, ಒಂದು ನೀರಿಗೆ.
ಇದು ಉಸಿರು ಬಿಡುವಾಗ ಅದು ಎಳೆದುಕೊಳ್ತಾ ಇದೆ.’

ಎಡಗಡೆ ಕೆಂಪಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಕೆಂಪು.
ಅಷ್ಟೇ ಮಾಡಿದ್ದು.

ಬಂದು ನಿಂತಳು.
ಎಡಕ್ಕಲ್ಲ, ಬಲಕ್ಕಲ್ಲ,
ಇಸ್ತ್ರಿ ಮಣೆಗೂ ಜೆರೇನಿಯಂ ಕುಂಡಕ್ಕೂ ನಡುವೆ
ಏನೂ ಇಲ್ಲದ ಜಾಗದಲ್ಲಿ,
ಸಾಲು ಶುರುವಾಗುವ ಮುಂಚೆ
ತುಟಿ ಬಿಚ್ಚಿದ್ದೂ ಕೇಳಿಸುವಷ್ಟು ಹತ್ತಿರ.
ಚಾಚಿದ್ದ ಕಾಲನ್ನು ನಾನು ಮಡಚಿಕೊಂಡೆ.

ಮುದುಕ ಕೈ ತೆಗೆಯಲಿಲ್ಲ.
ಹಾಡು ಮುಗಿದು ಇನ್ನೊಂದು, ಮತ್ತೊಂದು.
ನಾಳೆ ನಾಲ್ಕೂವರೆ ಇದೆ ಎಂದು ಗೊತ್ತಿದ್ದೂ ನಾನು ಏಳಲಿಲ್ಲ.
‘ಈ ಎಡಗಡೆಯದು ನನ್ನ ಕೈಯದಲ್ಲ,’ ಎಂದ ಆಮೇಲೆ,
ಕಿವುಡರ ಎತ್ತರದ ದನಿಯಲ್ಲಿ.
‘ಸ್ಕೈದ್ರೀತೆಯದು. ಅಂಟು ತೆಳು.
ಎಲ್ಲದರಲ್ಲೂ ಜಿಪುಣಿ ಅವಳು.’

ಯಾವ ಸ್ಕೈದ್ರೀತೆ ಎಂದು ನಾನು ಕೇಳಲಿಲ್ಲ.
ಕೇಳಿದ್ದರೂ ಕೇಳಿಸುತ್ತಿರಲಿಲ್ಲ, ಕಿವಿ ಜೇಬಿನಲ್ಲಿತ್ತು.
ಬ್ಯಾಟರಿ ಇನ್ನು ಹನ್ನೆರಡು ನಿಮಿಷ.