ಹತ್ತು ಬಕೆಟ್ಟು, ಒಂದು ತೆಂಗಿನಕಾಯಿ

ಮೊದಲೇ ಹೇಳಿಬಿಡುತ್ತೇನೆ: ಹಾಲೇಶಪ್ಪ ಮೋಸಗಾರನಲ್ಲ.
ಅಂಗೈ ಮೇಲೆ ಕಾಯಿ ಮಲಗಿಸಿ, ಜುಟ್ಟು ಬೆರಳ ಕಡೆ ಮಾಡಿ,
ಚಪ್ಪಲಿ ಬಿಟ್ಟು ನಡೆಯುತ್ತಾನೆ.
ನೀರಿದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ,
ನಿದ್ದೆಯಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ.
ಕುಂಸಿ, ಆಯನೂರು, ಹಾರನಹಳ್ಳಿ ಸುತ್ತ
ನಲವತ್ತು ವರ್ಷದಲ್ಲಿ ಇನ್ನೂರು ಬಾವಿ ತೋರಿಸಿದ್ದಾನಂತೆ.
ನಮ್ಮ ಸ್ಕೂಲಿನ ಬೋರ್‌ವೆಲ್ಲೂ ಅವನು ತೋರಿಸಿದ್ದೇ.
ಅದರ ನೀರು ಕುಡಿದೇ ನಾನು
ಹದಿನೇಳು ವರ್ಷ ವಿಜ್ಞಾನ ಪಾಠ ಮಾಡಿದ್ದು.

ಪರೀಕ್ಷೆ ಮಾಡೋಣವಾ ಅಂದಾಗ ಖುಷಿಪಟ್ಟವನೂ ಅವನೇ.
"ಮಾಡ್ರಿ ಮೇಡಂ, ಮಕ್ಳು ನೋಡ್ಲಿ."

ಆಟದ ಮೈದಾನದಲ್ಲಿ ಹತ್ತು ಗುಂಡಿ.
ಗುಂಡಿಗೊಂದು ಬಿಸಿಯೂಟದ ಬಕೆಟ್ಟು,
ಸಾರಿನ ವಾಸನೆ ಇನ್ನೂ ಹೋಗದ್ದು.
ಒಂದರಲ್ಲಿ ಮಾತ್ರ ನೀರು.
ಮೊದಲು ಬಾಯಿ ತೆರೆದಿಟ್ಟೇ ನಡೆಸಿದೆವು:
ತುಂಬಿದ್ದರ ಮೇಲೆ ಕಾಯಿ ಎದ್ದಿತು.
ಮೂರು ಸಲ. ಮೂರು ಸಲವೂ.
ಎಂಟನೇ ಕ್ಲಾಸಿನವರು ಚಪ್ಪಾಳೆ ತಟ್ಟಿದರು.
ಸುಳ್ಳೇಕೆ, ನಾನೂ ತಟ್ಟಿದೆ.

ಆಮೇಲೆ ಹಲಗೆ ಮುಚ್ಚಿ ಮಣ್ಣೆಳೆದೆವು.
ಪ್ರತಿ ಸುತ್ತಿಗೂ ಚೀಟಿ ಎತ್ತಿ
ಜವಾನ ಬಷೀರಣ್ಣ ಒಬ್ಬನೇ ತುಂಬುವುದು,
ತುಂಬಿ, ಕಾಂಪೌಂಡಿನ ಆಚೆ ಹೋಗಿ ಬೀಡಿ ಸೇದುವುದು.
ಗೊತ್ತಿದ್ದವರ ಕಣ್ಣು ಸುಮ್ಮನಿರುವುದಿಲ್ಲ.
ಅದಕ್ಕೇ ನನಗೂ ಗೊತ್ತಿರಕೂಡದು.

ಹತ್ತು ಸುತ್ತು. ಬಷೀರಣ್ಣನಿಗೆ ಹತ್ತು ಬೀಡಿ.
ಹತ್ತೂ ಸಲ ಕಾಯಿ ಎದ್ದಿತು, ಅದೇ ಗತ್ತಿನಲ್ಲಿ.
ಒಂದು ಸಲ ಅದರ ಕೆಳಗೆ ನೀರಿತ್ತು.

ಕಣ್ಣು ಕಟ್ಟಿಕೊಂಡು ಕಲ್ಲೆಸೆದರೂ ಅಷ್ಟೇ
ಎಂದು ಬೋರ್ಡಿನ ಮೇಲೆ ಬರೆಯಬಹುದಿತ್ತು.
ಸೀಮೆಸುಣ್ಣ ಕೈಯಲ್ಲೇ ಇತ್ತು.
ಹಾಲೇಶಪ್ಪ ಒಂಬತ್ತನೇ ಗುಂಡಿಯ ಅಂಚಲ್ಲಿ
ಕುಕ್ಕರಗಾಲಲ್ಲಿ ಕೂತು ಖಾಲಿ ಬಕೆಟ್ಟಿನೊಳಗೆ ಕೈಯಾಡಿಸುತ್ತಿದ್ದ,
ಬಿದ್ದ ನಾಣ್ಯ ಹುಡುಕುವವನಂತೆ.
"ಹಂಗಾದ್ರೆ ಇದನ್ನ ಎತ್ತಿದ್ದು ಯಾರು ಮೇಡಂ?
ನಾನಂತೂ ಎತ್ತಿಲ್ಲ. ಮಕ್ಕಳಾಣೆ."

ಪುಸ್ತಕದ ಉತ್ತರ ನನ್ನ ಹತ್ತಿರ ಇತ್ತು.
ಹೇಳಲಿಲ್ಲ. ಬಷೀರಣ್ಣ ಹನ್ನೊಂದನೇ ಸಲ ತುಂಬಿ ಆಚೆ ಹೋದ.
ಕಾಯಿ ನನ್ನ ಅಂಗೈಗೆ ಬಂತು. ನಂಬದವಳು ನಡೆದೆ.
ಆರನೆಯದರಲ್ಲಿ ಇದ್ದೀತು ಎಂದು
ಯಾಕೋ ಅನ್ನಿಸಿತು, ಅಷ್ಟೇ.
ಆರನೆಯದರ ಮೇಲೆ ಕಾಯಿ
ಹುಟ್ಟಿದ ಕರುವಿನ ಹಾಗೆ ತಡವರಿಸಿ ಎದ್ದು ನಿಂತಿತು.
ನಾನೂ ಎತ್ತಿಲ್ಲ. ಆಣೆ ಹಾಕಲು ನನಗೆ ಮಕ್ಕಳಿಲ್ಲ.
ಹಲಗೆ ತೆಗೆದರೆ ಒಣ ಬಕೆಟ್ಟು,
ತಳದಲ್ಲಿ ಅಂಟಿದ ಒಂದು ಬೇಳೆ.

ಅಂದರೆ ನನ್ನ ಕೈ, ನನಗೇ ಹೇಳದೆ,
ನನ್ನ ಊಹೆಯ ಮಾತು ಕೇಳುತ್ತದೆ.
ಇನ್ನೆಲ್ಲೆಲ್ಲಿ ಕೇಳಿದೆಯೋ.
ಉತ್ತರಪತ್ರಿಕೆಯ ಮೇಲೆ ಹೆಸರು ಕಂಡಾಗ
ಅರ್ಧ ಅಂಕ ತಾನಾಗಿ ಎದ್ದು ನಿಂತದ್ದು
ಎಷ್ಟು ಸಲವೋ, ಯಾರ್‍ಯಾರಿಗೋ,
ಯಾರಿಗೆ ಏಳಲಿಲ್ಲವೋ.

ಕಾಯಿ ಒಡೆದು ಹಂಚಿದೆವು.
"ನೀರು ಅದ್ರೊಳಗೇ ಇತ್ತಲ್ಲ ಮೇಡಂ"
ಅಂದ ಮುಂದಿನ ಸಾಲಿನ ಕುಳ್ಳ.
ಹಾಲೇಶಪ್ಪನೂ ನಕ್ಕ, ಸ್ವಲ್ಪ ತಡವಾಗಿ.

ಹೊರಡುವಾಗ ಕೇಳಿದೆ: ಇನ್ನೂರು ಬಾವಿ ಸರಿ,
ನೀರು ಬಾರದ್ದು ಎಷ್ಟು?
"ಅದನ್ನ ಯಾರು ಬರ್ದಿಡ್ತಾರೆ" ಅಂದ,
ಚಪ್ಪಲಿಗೆ ಕಾಲು ತೂರಿಸುತ್ತಾ.
ಈ ಸೀಮೆಯಲ್ಲಿ ಆಗೆಲ್ಲ
ಎಲ್ಲಿ ತೂತು ಹಾಕಿದರೂ ನೀರು,
ತಪ್ಪಬೇಕೆಂದರೇ ಪವಾಡವಾಗಬೇಕಿತ್ತು.
ಅದನ್ನೂ ನಾನು ಹೇಳಲಿಲ್ಲ.
ನೂರು ಪೇಜಿನ ನೋಟುಬುಕ್ಕೊಂದು ಕೊಟ್ಟೆ.
ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋದ.

ಮೂರು ವಾರದ ಮೇಲೆ, ರಾತ್ರಿ ಒಂಬತ್ತೂವರೆಗೆ ಫೋನು.
ಹಿಂದೆ ರಿಗ್ ಲಾರಿಯ ಸದ್ದು, ಯಾರೋ ಬೈಯುತ್ತಿದ್ದದ್ದು.
"ಚೋರಡಿ ಹತ್ರ ಮೇಡಂ. ನಾನೂರಡಿ ಹೋಯ್ತು.
ಕಾಯಿ ಚೆನ್ನಾಗೇ ಎದ್ದಿತ್ತು.
ಬರೀ ಧೂಳು.
ನನ್ನ ಪೆನ್ನು ನಡೀತಿಲ್ಲ,
ನೀವು ಬರ್ಕಳ್ರಿ."