ಇಪ್ಪತ್ತು ಬೇಕಿತ್ತು

ಜುಲೈ, ಚಿಲೋಯೆ ದ್ವೀಪ. ಗಾಳಿಗೆ ಹೆದರಿ
ಹಡಗು ಮೂರು ದಿನದಿಂದ ಜಲಸಂಧಿ ದಾಟಿಲ್ಲ.
ಸಿಂಪಿಗಳ ತೊಟ್ಟಿಗೆ ಕಡಲನ್ನು ಎತ್ತಿಹಾಕುವ ಮೋಟಾರು
ರಾತ್ರಿ ಎಂಟಕ್ಕೆ ಒಮ್ಮೆ ಗುಂಯ್ ಎಂದು
ಅಲುಗದೆ ನಿಂತಿತು.

ದೊಡ್ಡಮ್ಮ ಎರ್ಸೀಲಿಯಾ ಮುಚ್ಚಳ ಬಿಚ್ಚಿದಳು.
ಒಳಗೆ ಕೆಪಾಸಿಟರ್, ಹಳಸಿದ ಮೀನಿನ ಡಬ್ಬಿಯಂತೆ ಉಬ್ಬಿತ್ತು.
ಮೊದಲು ಅದರ ಎರಡು ಕಿವಿಗೂ ಸ್ಕ್ರೂಡ್ರೈವರ್ ಅಡ್ಡವಿಟ್ಟಳು:
ಚಟ್! ನೀಲಿ ಕಿಡಿ.
'ಕೆಟ್ಟ ಮೇಲೂ ಹಿಡಿದಿಟ್ಟುಕೊಂಡಿರುತ್ತವೆ,' ಎಂದಳು.
ಬೆರಳಿಂದ ಎಣ್ಣೆ ಒರೆಸಿ, ಟಾರ್ಚ್ ಇತ್ತ ಹಿಡಿ ಎಂದು, ಓದಿದಳು:
ಇಪ್ಪತ್ತು ಮೈಕ್ರೋಫ್ಯಾರಡ್.

ಬಿಸ್ಕತ್ತಿನ ಡಬ್ಬ ಸುರಿದರೆ ಸಿಕ್ಕಿದ್ದು ಮೂರು.
ಹಳೇ ಗರಗಸದ್ದೊಂದು, ಹತ್ತು.
ಶಾಲೆಯ ಪಂಪಿನದು, ಹದಿನೈದು.
ಮೂವತ್ತರದ್ದು ಯಾವುದರದೋ, ಅವಳಿಗೂ ನೆನಪಿಲ್ಲ.

'ಹತ್ತು, ಹದಿನೈದು ಕೂಡಿಸು,' ಎಂದೆ,
'ಐದು ಹೆಚ್ಚಾದರೆ ಏನಂತೆ?'
'ಏನಂತೆ ಅಂತ ಮೋಟಾರಿನ ಸುರುಳಿಯನ್ನು ಕೇಳು.
ಬೆಳಗಿನ ಹೊತ್ತಿಗೆ ಸಿಂಪಿ ಬದುಕಿರುತ್ತೆ, ಅದು ಹೊಗೆಯಾಗಿರುತ್ತೆ;
ಆಮೇಲೆ ಸಿಂಪಿಯೂ.'

ಹದಿನೈದರ ಬಾಲಕ್ಕೆ ಮೂವತ್ತರ ತಲೆ ಕಟ್ಟಿ
ಕೈಯಲ್ಲಿ ತೂಗಿ ಕೇಳಿದಳು: 'ಇದೆಷ್ಟು?'
'ನಲವತ್ತೈದು.'
ನಕ್ಕಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು
ನನ್ನ ತಾಂತ್ರಿಕ ಶಾಲೆಯ ಎರಡು ವರ್ಷಗಳನ್ನು ನೋಡಿ ನಕ್ಕಳು.

ಹನಿಗೂಡಿ ಹಳ್ಳ ಅನ್ನುವುದು
ಪಕ್ಕಪಕ್ಕ ನಿಂತವರ ಮಾತು.
ಒಬ್ಬರ ಬೆನ್ನಿಗೊಬ್ಬರು ನಿಂತರೆ
ತಟ್ಟೆಯಿಂದ ತಟ್ಟೆಗೆ ನಡುವಣ ಕಂದಕವೇ ಅಗಲ;
ಸೇರಿದ ಇಬ್ಬರೂ, ಇಬ್ಬರಲ್ಲಿ ಚಿಕ್ಕವರಿಗಿಂತ ಚಿಕ್ಕವರು.
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಳು:
ಹದಿನೈದರಲ್ಲೊಂದು ಪಾಲು, ಮೂವತ್ತರಲ್ಲೊಂದು ಪಾಲು,
ಕೂಡಿದರೆ ಮೂವತ್ತರಲ್ಲಿ ಮೂರು.
'ಈಗ ತಲೆಕೆಳಗು ಮಾಡು.'
ಹತ್ತು.
ಅದರ ಪಕ್ಕಕ್ಕೆ ಗರಗಸದ ಹತ್ತು.

ತಂತಿ ಸುತ್ತುತ್ತ ಹೇಳಿದಳು, ಇನ್ಯಾರಿಗೋ ಎಂಬಂತೆ:
'ಸಾಲಿನಲ್ಲಿ ಚಿಕ್ಕದರ ಮೇಲೇ ಒತ್ತಡ ಹೆಚ್ಚು.
ಮುನ್ನೂರು ವೋಲ್ಟು ಬಂದರೆ ಇನ್ನೂರು ಹದಿನೈದರ ಪಾಲಿಗೆ.
ಆ ದೊಡ್ಡ ಹೊಟ್ಟೆಯದಕ್ಕೆ ಬರೀ ನೂರು.'
ನಾನು ಟಾರ್ಚನ್ನು ಎರಡರ ನಡುವಿನ
ತುಂಡು ತಂತಿಗೆ ಹಿಡಿದಿದ್ದೆ.

ಆ ತಂತಿಗೆ ಹೊರಗಿನಿಂದ ಏನೂ ಬರುವುದಿಲ್ಲ.
ಆಚೆಗೊಂದು ಕಂದಕ, ಈಚೆಗೊಂದು.
ಒಂದು ತುದಿ ತುಂಬಿದರೆ ಇನ್ನೊಂದು ಅಷ್ಟೇ ಬರಿದು;
ಲೆಕ್ಕ ಹಾಕಿದರೆ ಯಾವಾಗಲೂ ಸೊನ್ನೆ.
ಕತ್ತರಿಸಿ ನೋಡಿ, ಎರಡೂ ಸುಮ್ಮನಾಗುತ್ತವೆ.

ಅಮ್ಮ ಪುಯೆರ್ತೊ ಮೊಂತ್‌ನಿಂದ ಹೇಳಿ ಕಳಿಸಿದ್ದಳು:
ಅಜ್ಜಿಯ ಮಗ್ಗ ಕೊಡುತ್ತಾಳೋ ಇಲ್ಲವೋ ಕೇಳಿಕೊಂಡು ಬಾ.
ಆರು ವರ್ಷದಿಂದ ಅಕ್ಕತಂಗಿಯರ ಮಾತು
ಹಡಗು ಹತ್ತಿ ನನ್ನೊಳಗೇ ಹೋಗಿಬರುತ್ತದೆ,
ಅಲ್ಲಿ ಸಿಟ್ಟಾಗಿ, ಇಲ್ಲಿ ನೆಪವಾಗಿ.
ಬಂದು ನಾಲ್ಕು ದಿನವಾದರೂ ಕೇಳಿರಲಿಲ್ಲ.

'ದೊಡ್ಡಮ್ಮಾ, ಆ ಮಗ್ಗ...'
ಸ್ವಿಚ್ ಒತ್ತಿದಳು. ಮೋಟಾರು ಕೆಮ್ಮಿತು, ತಡವರಿಸಿತು,
ಹಿಡಿದುಕೊಂಡಿತು. ಕೊಳವೆಯಲ್ಲಿ ಕಡಲು ಬಂತು.
ಸಿಂಪಿಗಳಿಗೆ ಇದಾವುದೂ ತಿಳಿಯದು;
ತುಟಿಯನ್ನು ಕೂದಲೆಳೆಯಷ್ಟು ತೆರೆದವು.

ಕೈ ಒರೆಸಿಕೊಳ್ಳುತ್ತ, ಬಹಳ ಹೊತ್ತಿನ ಮೇಲೆ:
'ಒಬ್ಬಳು ಎತ್ತುವ ಮಗ್ಗವಲ್ಲ ಅದು.
ನೀನಂತೂ ಎತ್ತಬೇಡ.
ಇನ್ನೊಂದು ತುದಿ ಹಿಡಿಯಲು ಅವಳೇ ಬರಲಿ.'

ಬೆಳಿಗ್ಗೆ ಗಾಳಿ ತಗ್ಗಿರಲಿಲ್ಲ. ಮೋಟಾರು ಓಡುತ್ತಿತ್ತು.
ರಾತ್ರಿ ಬಾಗಿಲಿಗೆ ಒರಗಿ ನಿಂತಿದ್ದೆನಲ್ಲ,
ಉಣ್ಣೆಯ ತೋಳಿಗೆ ಸುಣ್ಣ ಅಂಟಿತ್ತು:
ಮೂವತ್ತರಲ್ಲಿ ಮೂರು,
ಕನ್ನಡಿಯಲ್ಲಿ ಓದಬೇಕಾದ ಹಾಗೆ.